ಒಂದೇ ಕಪ್ಪು ಬಿಯರ್, ನಾಲ್ಕು ಅಭಿಪ್ರಾಯ

ಒಂದು ಬಾಟಲಿ, ನಾಲ್ಕು ಗ್ಲಾಸು. ಬಾಟಲಿಯಲ್ಲಿದ್ದದ್ದು ಇಂಪೀರಿಯಲ್ ಸ್ಟೌಟ್. ಕಪ್ಪು ಬಿಯರ್‌ಗಳಲ್ಲೇ ಗಟ್ಟಿ ಪಿಂಡ. ಲೇಬಲ್ ಮೇಲೆ 10% ಆಲ್ಕೋಹಾಲ್ ಎಂದಿತ್ತು. ಮೊದಲ ಗುಟುಕು ಗಂಟಲಲ್ಲಿ ಇಳಿಯುತ್ತಿದ್ದಂತೆ ಒಬ್ಬ "ಕಾಫಿ" ಎಂದ. ಇನ್ನೊಬ್ಬ ಮುಖ ಸಿಂಡರಿಸಿ, "ಕಾಫಿ ಎಲ್ಲಿಂದ ಬಂತು? ಇದು ಸೀದ ಬ್ರೆಡ್ಡು" ಎಂದ. ನನಗೆ ಚಾಕೊಲೇಟ್ ಅನ್ನಿಸಿತು. ಗೆಳತಿ ಮಾತ್ರ ಗ್ಲಾಸನ್ನು ಎರಡು ಸಲ ಮೂಸಿ ನೋಡಿ, "ಸೋಯಾ ಸಾಸ್" ಎಂದಳು. ಉಳಿದ ಮೂವರೂ ನಕ್ಕೆವು.

ಎತ್ತು ಏರಿಗೆ, ಕೋಣ ನೀರಿಗೆ. ಇಂಥ ಹೊತ್ತಲ್ಲಿ 'ಲೋಕೋ ಭಿನ್ನರುಚಿಃ' ಎಂದು ಕೈ ತೊಳೆದುಕೊಳ್ಳುವುದು ಸುಲಭ. ನಾನೂ ಬಹಳ ಕಾಲ ಹಾಗೇ ಮಾಡುತ್ತಿದ್ದೆ. ಆದರೆ ಬಿಯರ್ ಮಾಡುವ ಕಂಪನಿಗಳು ರುಚಿ ನೋಡಲೆಂದೇ ಜನರಿಗೆ ತರಬೇತಿ ಕೊಟ್ಟು ಕೂರಿಸುತ್ತವೆ. ರುಚಿ ಅನ್ನೋದು ಬರೀ ಅವರವರ ಭಾವಕ್ಕೆ ಬಿಟ್ಟದ್ದಾಗಿದ್ದರೆ ಅದಕ್ಕೆ ದುಡ್ಡು ಯಾಕೆ ಸುರಿಯುತ್ತಿದ್ದರು, ಅಲ್ವಾ? ನಾಲ್ಕು ಜನ ನಾಲ್ಕು ಮಾತು ಆಡಿದಾಗ ಒಂದಿಷ್ಟು ಮಾತು ಗ್ಲಾಸಿನ ಬಗ್ಗೆ ಇರುತ್ತದೆ, ಒಂದಿಷ್ಟು ಅವರ ಮೂಗಿನ ಬಗ್ಗೆ, ಇನ್ನೊಂದಿಷ್ಟು ಅವರ ತಲೆಯೊಳಗಿನ ಗದ್ದಲದ ಬಗ್ಗೆ. ಯಾವುದು ಯಾವುದು ಎಂದು ಬಿಡಿಸಲು ಹೊರಟರೆ ಕುಡಿಯುವುದಕ್ಕಿಂತ ಅದೇ ಜಾಸ್ತಿ ಮಜಾ ಕೊಡುತ್ತದೆ.

ಕಪ್ಪು ಎಲ್ಲಿಂದ ಬಂತು

ಬಿಯರ್‌ಗೆ ಬೇಕಾದದ್ದು ನಾಲ್ಕೇ ಸಾಮಾನು: ನೀರು, ಮಾಲ್ಟ್, ಹಾಪ್ಸ್, ಯೀಸ್ಟ್. ಬಾರ್ಲಿಯನ್ನು ನೆನೆಹಾಕಿ, ಮೊಳಕೆ ಬರಿಸಿ, ಅದು ಉದ್ದವಾಗುವ ಮೊದಲೇ ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟ್. ಮೊಳಕೆ ಒಡೆಯುವಾಗ ಕಾಳಿನೊಳಗೆ ಎಂಜೈಮ್‌ಗಳು ಸಿದ್ಧವಾಗುತ್ತವೆ. ಮುಂದೆ ಬಿಸಿನೀರಿಗೆ ಹಾಕಿದಾಗ ಅವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಆ ಸಕ್ಕರೆಯನ್ನು ತಿಂದ ಯೀಸ್ಟ್ ಆಲ್ಕೋಹಾಲನ್ನೂ ಗುಳ್ಳೆಯ ಗಾಳಿಯನ್ನೂ ಬಿಡುತ್ತದೆ. ಹಾಪ್ಸ್ ಒಂದು ಬಳ್ಳಿಯ ಹೂವು. ಕಹಿಯ ಬಹುಪಾಲು ಅದರದ್ದು.

ಬಣ್ಣ ಮಾತ್ರ ಮಾಲ್ಟ್‌ನದು. ಸಾಮಾನ್ಯ ಮಾಲ್ಟನ್ನು ಹದವಾದ ಬಿಸಿಯಲ್ಲಿ ಒಣಗಿಸುತ್ತಾರೆ, ಅದು ಹೊಂಬಣ್ಣದ ಬಿಯರ್ ಕೊಡುತ್ತದೆ. ಅದನ್ನೇ 200 ಡಿಗ್ರಿ ಸೆಲ್ಸಿಯಸ್ ದಾಟಿಸಿ ಹುರಿದರೆ ಕಪ್ಪು ಮಾಲ್ಟ್. ತಮಾಷೆ ಏನೆಂದರೆ, ಇಡೀ ಬಿಯರನ್ನು ಕಪ್ಪು ಮಾಡಲು ಈ ಕರಿಕಾಳು ಸ್ವಲ್ಪವೇ ಸಾಕು. ಒಟ್ಟು ಕಾಳಿನಲ್ಲಿ ಹತ್ತನೇ ಒಂದು ಪಾಲು, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಉಳಿದದ್ದೆಲ್ಲ ಮಾಮೂಲಿ ತಿಳಿ ಮಾಲ್ಟೇ. ಗ್ಲಾಸನ್ನು ದೀಪಕ್ಕೆ ಹಿಡಿದು ನೋಡಿ. ಅನೇಕ ಸ್ಟೌಟ್‌ಗಳು ಕಪ್ಪಲ್ಲ, ಅಂಚಿನಲ್ಲಿ ಕಡುಗೆಂಪು.

ಈ ಹುರಿಯುವ ಕೆಲಸಕ್ಕೊಂದು ಹುಟ್ಟಿದ ವರ್ಷವಿದೆ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಮಾಲ್ಟ್ ಹುರಿಯುವ ಉರುಳೆ ಯಂತ್ರಕ್ಕೆ ಪೇಟೆಂಟ್ ಪಡೆದ. ಕಾಫಿ ಬೀಜ ಹುರಿಯುವ ಯಂತ್ರವನ್ನೇ ಹೋಲುವಂಥದ್ದು. ಅದರಿಂದ ಬಂದ ಮಾಲ್ಟನ್ನು ಇವತ್ತಿಗೂ 'ಬ್ಲ್ಯಾಕ್ ಪೇಟೆಂಟ್' ಎಂದೇ ಕರೆಯುತ್ತಾರೆ. ಅದಕ್ಕೂ ಮೊದಲು ಲಂಡನ್ನಿನ ಪೋರ್ಟರ್ ಬಿಯರ್‌ಗೆ ಕಂದು ಮಾಲ್ಟ್ ಬೇಕಿತ್ತು. ಅದನ್ನು ಸೌದೆ ಬೆಂಕಿಯ ಮೇಲೆ ಒಣಗಿಸುತ್ತಿದ್ದರು. ಆ ಮಾಲ್ಟ್‌ನಿಂದ ಸಕ್ಕರೆ ಕಡಿಮೆ ಸಿಗುತ್ತಿತ್ತು. ವೀಲರ್ ಬಂದ ಮೇಲೆ ಲೆಕ್ಕ ಬದಲಾಯಿತು. ಸಕ್ಕರೆಗೆ ತಿಳಿ ಮಾಲ್ಟ್, ಬಣ್ಣಕ್ಕೆ ಒಂದು ಹಿಡಿ ಕಪ್ಪು ಮಾಲ್ಟ್. ಇವತ್ತಿನ ಸ್ಟೌಟ್‌ಗಳೂ ಇದೇ ಲೆಕ್ಕದಲ್ಲಿ ನಡೆಯುತ್ತವೆ.

ಈಗ ನಮ್ಮ ಜಗಳಕ್ಕೆ ಬರೋಣ. ಕಾಳು ಹುರಿಯುವಾಗ ಅದರೊಳಗಿನ ಸಕ್ಕರೆಯೂ ಅಮೈನೋ ಆಮ್ಲಗಳೂ ಬಿಸಿಯಲ್ಲಿ ಕೂಡಿಕೊಂಡು ನೂರಾರು ಹೊಸ ಪದಾರ್ಥಗಳಾಗುತ್ತವೆ. 1912ರಲ್ಲಿ ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್ ಈ ಕ್ರಿಯೆಯನ್ನು ವಿವರಿಸಿದ. ಅವನ ಹೆಸರೇ ಅದಕ್ಕೆ ಉಳಿಯಿತು. ಬ್ರೆಡ್ಡಿನ ಹೊರಪದರ ಕೆಂಪಾಗುವುದು ಇದೇ ಕ್ರಿಯೆಯಿಂದ. ಕಾಫಿ ಬೀಜದ ಘಮ, ಕೋಕೋ ಬೀಜದ ಘಮ, ಎರಡರಲ್ಲೂ ಇದರದೇ ದೊಡ್ಡ ಪಾತ್ರ. ಹುರಿದ ವಾಸನೆ ಕೊಡುವ ಪೈರಜಿನ್ ಎಂಬ ಪದಾರ್ಥಗಳ ಗುಂಪು ಈ ಮೂರರಲ್ಲೂ ಸಿಗುತ್ತದೆ, ಹುರಿದ ಮಾಲ್ಟ್‌ನಲ್ಲೂ ಸಿಗುತ್ತದೆ.

ಅಂದರೆ 'ಕಾಫಿ', 'ಸೀದ ಬ್ರೆಡ್ಡು', 'ಚಾಕೊಲೇಟ್' ಎಂದ ಮೂವರೂ ಒಂದೇ ಮನೆಯ ಬೇರೆ ಬೇರೆ ಕಿಟಕಿಯಿಂದ ಇಣುಕುತ್ತಿದ್ದೆವು. ನಮ್ಮ ಜಗಳ ಹೆಸರಿನದು, ವಾಸನೆಯದಲ್ಲ. ಸ್ವಲ್ಪ ಕಡಿಮೆ ಹುರಿದ ಮಾಲ್ಟ್ ಕೋಕೋ ಕಡೆ ವಾಲುತ್ತದೆ, ಜಾಸ್ತಿ ಹುರಿದದ್ದು ಕಾಫಿಯ ಕಡೆಗೆ, ಇನ್ನೂ ಮುಂದೆ ಹೋದರೆ ಕರಕಲಿನ ಕಡೆಗೆ. 'ಚಾಕೊಲೇಟ್ ಮಾಲ್ಟ್' ಎಂದೇ ಒಂದು ಬಗೆ ಇದೆ. ಅದರಲ್ಲಿ ಚಾಕೊಲೇಟ್ ಚೂರೂ ಇರುವುದಿಲ್ಲ. ಈಚೆಗೆ ನಿಜವಾದ ಕಾಫಿ, ಕೋಕೋ, ವೆನಿಲಾ ಸುರಿದು ಮಾಡುವ ಸ್ಟೌಟ್‌ಗಳೂ ಬಂದಿವೆ. ನನಗೆ ಅವು ಬಿಯರ್‌ಗಿಂತ ಕೇಕಿನ ಹತ್ತಿರದವು ಅನ್ನಿಸುತ್ತವೆ. ಇರಲಿ, ಅದು ನನ್ನ ತಕರಾರು.

ಸೋಯಾ ಸಾಸ್ ಮಾತ್ರ ಈ ಮನೆಗೆ ಸೇರಿದ್ದಲ್ಲ. ಅದನ್ನು ಕೊನೆಗೆ ನೋಡೋಣ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ, ಹಾಗೇ ಕಪ್ಪಗಿರುವುದೆಲ್ಲ ಸ್ಟ್ರಾಂಗ್ ಅಲ್ಲ. ಗಿನ್ನಿಸ್ ಡ್ರಾಫ್ಟ್ ಎಂಬ ಐರಿಷ್ ಸ್ಟೌಟ್‌ನಲ್ಲಿ ಇರುವುದು 4.2% ಆಲ್ಕೋಹಾಲ್. ಬೆಲ್ಜಿಯಂನ ಟ್ರಿಪೆಲ್ ಎಂಬ ಬಗೆ ಬಂಗಾರದ ಬಣ್ಣದ್ದು, ಅದರಲ್ಲಿ 8–9% ಇರುತ್ತದೆ. ಜರ್ಮನಿಯ ಶ್ವಾರ್ಟ್ಸ್‌ಬಿಯರ್ ಕಪ್ಪಾಗಿದ್ದರೂ ಬಾಯಲ್ಲಿ ಹಗುರ. ಅಮಲು ಬರುವುದು ಯೀಸ್ಟ್ ತಿಂದ ಸಕ್ಕರೆಯಿಂದ. ಬಣ್ಣ ಬರುವುದು ಹುರಿದ ಕಾಳಿನಿಂದ. ಎರಡಕ್ಕೂ ನೆಂಟಸ್ತನವಿಲ್ಲ. 'ಸ್ಟೌಟ್' ಎಂಬ ಪದ ಮಾತ್ರ ಈ ಗೊಂದಲಕ್ಕೆ ಸ್ವಲ್ಪ ಹೊಣೆ. ಮೊದಲು ಅದರ ಅರ್ಥ 'ಗಟ್ಟಿ' ಎಂದಷ್ಟೇ ಇತ್ತು. ಗಟ್ಟಿ ಪೋರ್ಟರ್‌ಗೆ 'ಸ್ಟೌಟ್ ಪೋರ್ಟರ್' ಎನ್ನುತ್ತಿದ್ದರು. ಆಮೇಲೆ ಪೋರ್ಟರ್ ಉದುರಿ ಸ್ಟೌಟ್ ಉಳಿಯಿತು. ಇವತ್ತು ಪೋರ್ಟರ್ ಯಾವುದು, ಸ್ಟೌಟ್ ಯಾವುದು ಎಂದು ಗೆರೆ ಎಳೆಯಲು ಹೋದವರು ಸೋತು ವಾಪಸ್ ಬರುತ್ತಾರೆ.

ಪೋರ್ಟರ್ ಹುಟ್ಟಿದ್ದು 18ನೇ ಶತಮಾನದ ಆರಂಭದ ಲಂಡನ್ನಿನಲ್ಲಿ. ಹೊರೆ ಹೊರುವವರ ನೆಚ್ಚಿನ ಬಿಯರ್ ಆದ್ದರಿಂದ ಆ ಹೆಸರು. ಅದು ಅಲ್ಲೇ ಬೆಳೆದದ್ದಕ್ಕೆ ನೀರಿನದೂ ಕೈವಾಡ ಇದೆ. ಲಂಡನ್ ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿ, ಅದು ಆಮ್ಲವನ್ನು ನುಂಗಿಹಾಕುತ್ತದೆ. ಎಂಜೈಮ್‌ಗಳು ಸರಿಯಾಗಿ ಕೆಲಸ ಮಾಡಲು ಒಂದಿಷ್ಟು ಆಮ್ಲ ಬೇಕು. ಕಂದು, ಕಪ್ಪು ಮಾಲ್ಟ್‌ಗಳು ತಾವೇ ಸ್ವಲ್ಪ ಹುಳಿ, ಹಾಗಾಗಿ ಹದ ತಾನಾಗಿ ಕೂಡಿಬಂತು. ಡಬ್ಲಿನ್‌ನಲ್ಲೂ ಇದೇ ಕಥೆ. ತದ್ವಿರುದ್ಧವಾಗಿ ಪಿಲ್ಸೆನ್ ಊರಿನ ನೀರು ತುಂಬ ಮೆದು. ಅಲ್ಲಿ 1842ರಲ್ಲಿ ಹುಟ್ಟಿದ್ದು ತಿಳಿ ಹೊಂಬಣ್ಣದ ಪಿಲ್ಸ್‌ನರ್.

ಆ ಕಾಲದ ಪೋರ್ಟರನ್ನು ದೊಡ್ಡ ದೊಡ್ಡ ಮರದ ತೊಟ್ಟಿಗಳಲ್ಲಿ ತಿಂಗಳುಗಟ್ಟಲೆ ಮಾಗಿಸುತ್ತಿದ್ದರು. ಎಷ್ಟು ದೊಡ್ಡವು ಎಂದರೆ, 1814ರ ಅಕ್ಟೋಬರ್ 17ರಂದು ಲಂಡನ್ನಿನ ಹಾರ್ಸ್ ಶೂ ಬ್ರೂವರಿಯಲ್ಲಿ ಅಂಥದ್ದೊಂದು ತೊಟ್ಟಿ ಒಡೆದು ಬಿಯರ್ ಹೊಳೆಯಾಗಿ ಹರಿಯಿತು, ಎಂಟು ಜನ ಸತ್ತರು. ಮರದ ತೊಟ್ಟಿಯಲ್ಲಿ ಮಾಗುವಾಗ ಒಳಗೆ ಇನ್ನೊಂದು ಕಾಡು ಯೀಸ್ಟ್ ಸೇರಿಕೊಳ್ಳುತ್ತಿತ್ತು. 1904ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್‌ನಲ್ಲಿ ಕೆಲಸ ಮಾಡುತ್ತಿದ್ದ ಕ್ಲಾಸೆನ್ ಅದನ್ನು ಗುರುತಿಸಿ ಬ್ರೆಟನೊಮೈಸಿಸ್ ಎಂದು ಹೆಸರಿಟ್ಟ. ಹೆಸರಿನ ಅರ್ಥವೇ 'ಬ್ರಿಟಿಷ್ ಶಿಲೀಂಧ್ರ'. ಅದು ಕೊಡುವುದು ತೊಗಲಿನ ವಾಸನೆ, ದನದ ಕೊಟ್ಟಿಗೆಯ ವಾಸನೆ. ಅವತ್ತು ಮಾಗಿದ ಬಿಯರ್ ಎಂದರೆ ಅದೇ. ಇವತ್ತು ಬಾಟಲಿಯಲ್ಲಿ ಕೇಳದೆ ಬಂದು ಕೂತರೆ ಅದು ದೋಷ. ದ್ರವ ಒಂದೇ, ಕಾಲ ಬೇರೆ, ತೀರ್ಪು ಬೇರೆ.

ನಾಲಿಗೆಯ ಹೆಸರಲ್ಲಿ ಮೂಗು

ನಾಲಿಗೆಯ ತುದಿಗೆ ಸಿಹಿ, ಹಿಂಭಾಗಕ್ಕೆ ಕಹಿ ಎಂಬ ನಕ್ಷೆಯನ್ನು ಶಾಲೆಯಲ್ಲಿ ನೋಡಿದ ನೆನಪಿರಬಹುದು. ಅದು ತಪ್ಪು. 1901ರ ಒಂದು ಜರ್ಮನ್ ಲೇಖನದಲ್ಲಿ ಅಲ್ಲಲ್ಲಿ ಸಣ್ಣ ವ್ಯತ್ಯಾಸ ಇದೆ ಎಂದಷ್ಟೇ ಇತ್ತು. ಆಮೇಲಿನವರು ಅದನ್ನು ಗಡಿ ಕಲ್ಲು ನೆಟ್ಟ ನಕ್ಷೆ ಮಾಡಿಬಿಟ್ಟರು. ನಾಲಿಗೆಗೆ ಎಲ್ಲ ಕಡೆಯೂ ಎಲ್ಲ ರುಚಿಯೂ ಗೊತ್ತಾಗುತ್ತದೆ. ಆದರೆ ಗೊತ್ತಾಗುವುದು ಅಷ್ಟೇ: ಸಿಹಿ, ಹುಳಿ, ಉಪ್ಪು, ಕಹಿ, ಮತ್ತೆ ಉಮಾಮಿ, ಅಂದರೆ ಮಾಂಸದ ಸಾರಿನಂಥ ರುಚಿ. ಕಾಫಿ, ಚಾಕೊಲೇಟ್, ಒಣದ್ರಾಕ್ಷಿ ಇವೆಲ್ಲ ನಾಲಿಗೆಗೆ ಗೊತ್ತೇ ಇಲ್ಲ. ಅವು ಮೂಗಿನವು. ಗುಟುಕು ಬಾಯಲ್ಲಿದ್ದಾಗ ಅದರ ಆವಿ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ.

ಪರೀಕ್ಷೆ ಸುಲಭ. ಮೂಗು ಬಿಗಿಯಾಗಿ ಹಿಡಿದು ಒಂದು ಗುಟುಕು ಸ್ಟೌಟ್ ಬಾಯಿಗೆ ಹಾಕಿಕೊಳ್ಳಿ. ಕಹಿ, ತುಸು ಹುಳಿ, ತುಸು ಸಿಹಿ, ಗುಳ್ಳೆಯ ಚುರುಕು. ಅಷ್ಟೇ. ನುಂಗಿ, ಮೂಗು ಬಿಡಿ. ಕಾಫಿ ದಬಕ್ಕನೆ ಬಂದು ನಿಲ್ಲುತ್ತದೆ. ನಮ್ಮಲ್ಲಿ 'ಸೀದ ಬ್ರೆಡ್ಡು' ಎಂದವನಿಗೆ ಅವತ್ತು ನೆಗಡಿ. ಅವನಿಗೆ ಸಿಕ್ಕಿದ್ದು ಬಹುಪಾಲು ನಾಲಿಗೆಯ ವರದಿ ಮಾತ್ರ. ಪಾಪ, ಅವನ ಅಭಿಪ್ರಾಯವನ್ನು ಅರ್ಧ ಬೆಲೆಗೆ ತೆಗೆದುಕೊಳ್ಳಬೇಕಿತ್ತು.

ನೆಗಡಿ ಇಲ್ಲದಿದ್ದರೂ ಎಲ್ಲರ ಮೂಗೂ ಒಂದೇ ಅಲ್ಲ. ವಾಸನೆ ಹಿಡಿಯುವ ಗ್ರಾಹಕಗಳಲ್ಲಿ ಮನುಷ್ಯರಿಗೆ ಸುಮಾರು 400 ಬಗೆ ಇವೆ, ಒಬ್ಬೊಬ್ಬರಲ್ಲಿ ಅವುಗಳ ಪಟ್ಟಿ ತುಸು ಬೇರೆ. ಬೆಣ್ಣೆಯ ವಾಸನೆ ಕೊಡುವ ಡೈಅಸಿಟೈಲ್ ಬಿಯರ್‌ನಲ್ಲಿ ಒಂದು ಚೂರಿದ್ದರೂ ಕೆಲವರಿಗೆ ತಟ್ಟನೆ ಗೊತ್ತಾಗುತ್ತದೆ. ಪಕ್ಕದವರಿಗೆ ಅದರ ಸುಳಿವೇ ಇರುವುದಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಕಹಿಯ ಗ್ರಾಹಕಗಳು ಸುಮಾರು 25 ಬಗೆ. ಇಲ್ಲಿಯ ಕಥೆ ಶುರುವಾದದ್ದು 1931ರಲ್ಲಿ. ಡುಪಾಂಟ್ ಕಂಪನಿಯ ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿಯ ಕೈಯಿಂದ ಪಿಟಿಸಿ ಎಂಬ ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದವ ಕಹಿ ಕಹಿ ಎಂದ, ಫಾಕ್ಸ್‌ಗೆ ಏನೂ ಇಲ್ಲ. ಇದರ ಹಿಂದಿನ ಜೀನ್ ಸಿಕ್ಕಿದ್ದು 2003ರಲ್ಲಿ. ಈ ಕಥೆ ಕೇಳಿದವರು ಕೂಡಲೇ "ಓ, ಸ್ಟೌಟ್ ಇಷ್ಟ ಆಗದಿರೋದು ನನ್ನ ಜೀನ್ ಕಾರಣಕ್ಕೆ" ಎನ್ನುತ್ತಾರೆ. ಅಷ್ಟು ಬೇಗ ಬೇಡ. ಹಾಪ್ಸ್‌ನ ಕಹಿಯನ್ನು ಹಿಡಿಯುವುದು ಬೇರೆ ಗ್ರಾಹಕಗಳು. ಅದೂ ಅಲ್ಲದೆ ಕಹಿ ರೂಢಿಯಾಗುವ ರುಚಿ. ಮೊದಲ ಕಪ್ಪು ಕಾಫಿ ಯಾರಿಗೆ ಹಿಡಿಸಿತ್ತು ಹೇಳಿ.

'ಕಹಿ' ಎನ್ನುವ ಮುಂಚೆ

ಗೆಳೆಯರ ಗುಂಪಿನಲ್ಲಿ ಅತಿ ಹೆಚ್ಚು ಗೊಂದಲ ಮಾಡುವ ಪದ ಇದು. ಕಪ್ಪು ಬಿಯರ್ ಕುಡಿದು 'ಕಹಿ' ಎನ್ನುವವರು ಕಡೇಪಕ್ಷ ಐದು ಬೇರೆ ಸಂಗತಿಗಳಿಗೆ ಅದೊಂದೇ ಪದ ಬಳಸುತ್ತಾರೆ. ಕನ್ನಡದಲ್ಲಿ ಇದಕ್ಕೆಲ್ಲ ಬೇರೆ ಬೇರೆ ಪದಗಳು ಮೊದಲಿನಿಂದಲೂ ಇವೆ. ನಾವೇ ಸೋಮಾರಿಗಳು.

ನಿಜವಾದ ಕಹಿ ಹಾಪ್ಸ್‌ನದು. ಹಾಪ್ಸ್‌ನಲ್ಲಿ ಆಲ್ಫಾ ಆಮ್ಲಗಳಿವೆ. ಕುದಿಸಿದಾಗ ಅವು ರೂಪ ಬದಲಿಸಿ ನೀರಿನಲ್ಲಿ ಕರಗುವಂಥ ಕಹಿಯಾಗುತ್ತವೆ. ಈ ಕಹಿ ನುಂಗಿದ ಮೇಲೂ ನಿಲ್ಲುತ್ತದೆ, ಮುಂದಿನ ಗುಟುಕಿನ ಜೊತೆ ಕೂಡಿಕೊಳ್ಳುತ್ತದೆ. ಎರಡನೆಯದು ಹುರಿದ ಕಹಿ, 'ಸೀದ' ಎನ್ನುತ್ತೇವಲ್ಲ, ಅದು. ಇದು ಬೇಗ ಬರುತ್ತದೆ, ಒಣಗಿದಂತಿರುತ್ತದೆ, ಜೊತೆಯಲ್ಲಿ ಹೊಗೆಯಂಥ ಘಾಟು ತರುತ್ತದೆ. ಇವೆರಡನ್ನೂ ಬೇರೆ ಮಾಡಿ ಹೇಳಬಲ್ಲವರಿಗೆ ಸ್ಟೌಟ್ ಅರ್ಧ ಅರ್ಥವಾದ ಹಾಗೆ.

ಮೂರನೆಯದು ಒಗರು. ಇದು ರುಚಿಯೇ ಅಲ್ಲ, ಸ್ಪರ್ಶ. ಕಾಳಿನ ಸಿಪ್ಪೆಯಲ್ಲೂ ಹಾಪ್ಸ್‌ನಲ್ಲೂ ಇರುವ ಪಾಲಿಫಿನಾಲ್‌ಗಳು ಎಂಜಲಿನ ಪ್ರೋಟೀನ್‌ಗಳನ್ನು ಹಿಡಿದು ಗಂಟು ಕಟ್ಟುತ್ತವೆ. ಬಾಯಿಯ ಜಾರು ಹೋಗಿ, ನಾಲಿಗೆಯನ್ನು ಕೆನ್ನೆಗೆ ಉಜ್ಜಿದರೆ ಬಟ್ಟೆಗೆ ಉಜ್ಜಿದಂತಾಗುತ್ತದೆ. ಕಲಿತವರು ಕಂಡುಹಿಡಿಯುವುದು ಹೀಗೇ. ಒಗರು ಗುಟುಕಿನಿಂದ ಗುಟುಕಿಗೆ ಏರುತ್ತದೆ. ಹಾಗಾಗಿ ಮೊದಲ ಗುಟುಕಿಗೇ ಭೇಷ್ ಎಂದವರು ಅರ್ಧ ಗ್ಲಾಸಿಗೆ ಬರುವಾಗ ಮಾತು ಬದಲಿಸಿದರೆ ಅವರನ್ನು ಗೋಸುಂಬೆ ಎನ್ನಬೇಡಿ.

ನಾಲ್ಕನೆಯದು ಗುಳ್ಳೆಯ ಕಚ್ಚುವಿಕೆ. ಕಾರ್ಬನ್ ಡೈಆಕ್ಸೈಡ್ ನಾಲಿಗೆಯ ಮೇಲೆ ಕಾರ್ಬಾನಿಕ್ ಆಮ್ಲವಾಗುತ್ತದೆ. ಅದರ ಚುರುಕು ಕಹಿಯ ಜೊತೆ ಸೇರಿದರೆ ಎರಡೂ ಒಂದೇ ಅನ್ನಿಸುತ್ತದೆ. ಐದನೆಯದು ಆಲ್ಕೋಹಾಲಿನ ಉರಿ. 10% ಬಿಯರ್‌ನಲ್ಲಿ ಗಂಟಲು ಬೆಚ್ಚಗಾಗುತ್ತದಲ್ಲ, ಅದು.

ಇದರಲ್ಲಿ ನಾಲ್ಕನೆಯದನ್ನು ತೆಗೆದುಹಾಕಿದರೆ ಏನಾಗುತ್ತದೆ ಎಂದು ಜಗತ್ತಿಗೆ ತೋರಿಸಿದ್ದು ಗಿನ್ನಿಸ್. 1759ರಲ್ಲಿ ಆರ್ಥರ್ ಗಿನ್ನಿಸ್ ಡಬ್ಲಿನ್‌ನ ಸೇಂಟ್ ಜೇಮ್ಸ್ ಗೇಟ್ ಜಾಗವನ್ನು ವರ್ಷಕ್ಕೆ 45 ಪೌಂಡಿನಂತೆ 9000 ವರ್ಷಕ್ಕೆ ಗುತ್ತಿಗೆ ಹಿಡಿದ. ಆತ್ಮವಿಶ್ವಾಸ ಎಂದರೆ ಅದು. ಅದಾಗಿ ಇನ್ನೂರು ವರ್ಷಕ್ಕೆ, 1959ರಲ್ಲಿ, ಆ ಕಂಪನಿಯಲ್ಲಿದ್ದ ಮೈಕೆಲ್ ಆಶ್ ಎಂಬ ಗಣಿತ ಓದಿದ ಮನುಷ್ಯ ನೈಟ್ರೋಜನ್ ಬೆರೆಸಿ ಬಿಯರ್ ಬಡಿಸುವ ದಾರಿ ಕಂಡುಹಿಡಿದ. ನೈಟ್ರೋಜನ್ ದ್ರವದಲ್ಲಿ ಕರಗುವುದು ತೀರಾ ಕಡಿಮೆ. ಗುಳ್ಳೆಗಳು ಸಣ್ಣ, ಆಮ್ಲ ಇಲ್ಲ. ಅದಕ್ಕೇ ಆ ಕೆನೆಯಂಥ ನೊರೆ, ಆ ನುಣುಪು. ಒಂದೇ ಸ್ಟೌಟನ್ನು ಬಾಟಲಿಯಿಂದ ಕುಡಿದವನೂ ನೈಟ್ರೋ ನಲ್ಲಿಯಿಂದ ಕುಡಿದವನೂ ಜಗಳ ಆಡಿದರೆ ಇಬ್ಬರೂ ಬೇರೆ ಬೇರೆ ಪಾನೀಯದ ಬಗ್ಗೆ ಮಾತಾಡುತ್ತಿದ್ದಾರೆ. ನೈಟ್ರೋ ಗ್ಲಾಸಿನಲ್ಲಿ ಗುಳ್ಳೆಗಳು ಕೆಳಗೆ ಇಳಿಯುವುದನ್ನು ನೀವೂ ನೋಡಿರಬಹುದು. ಅದು ಕಣ್ಕಟ್ಟಲ್ಲ. ಗ್ಲಾಸು ಮೇಲಕ್ಕೆ ಅಗಲವಾಗಿರುವುದರಿಂದ ಮಧ್ಯದಲ್ಲಿ ದ್ರವ ಮೇಲೇರಿ ಗೋಡೆಯ ಬಳಿ ಕೆಳಗಿಳಿಯುತ್ತದೆ, ಸಣ್ಣ ಗುಳ್ಳೆಗಳನ್ನೂ ಎಳೆದುಕೊಂಡು ಹೋಗುತ್ತದೆ.

ತಲೆಯೂ ಕುಡಿಯುತ್ತದೆ

ನನ್ನ 'ಚಾಕೊಲೇಟ್' ಬಗ್ಗೆ ಒಂದು ತಪ್ಪೊಪ್ಪಿಗೆ. ಬಾಟಲಿ ತೆಗೆಯುವ ಮುಂಚೆ ನಾನು ಲೇಬಲ್ ಓದಿದ್ದೆ. ಅದರಲ್ಲಿ 'ಚಾಕೊಲೇಟ್ ಮಾಲ್ಟ್' ಎಂದು ಬರೆದಿತ್ತು. ಓದಿದ್ದು ನನ್ನ ಮೂಗಿಗೆ ಮೊದಲೇ ಹೋಗಿ ಕೂತಿತ್ತು.

ಇದು ನನ್ನೊಬ್ಬನ ರೋಗವಲ್ಲ. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಪ್ರಯೋಗದಲ್ಲಿ, ಬೋರ್ಡೋದಲ್ಲಿ ವೈನ್ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟರು. ಅವರು ಅದನ್ನು ಕೆಂಪು ವೈನ್‌ಗೆ ಬಳಸುವ ಪದಗಳಿಂದ ಬಣ್ಣಿಸಿದರು. ಕಪ್ಪು ಬಿಯರ್‌ಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಬಣ್ಣ ನೋಡಿದ ಕೂಡಲೇ ಕಾಫಿ ನೆನಪಾಗದವರು ಯಾರು?

ಇನ್ನೊಂದು ಪ್ರಯೋಗ ಬಿಯರ್‌ನದೇ, 2006ರಲ್ಲಿ ಪ್ರಕಟವಾದದ್ದು. ಬಿಯರ್‌ಗೆ ಕೆಲವು ಹನಿ ಬಾಲ್ಸಾಮಿಕ್ ವಿನೆಗರ್ ಹಾಕಿದರು. ಏನನ್ನೂ ಹೇಳದೆ ಕೊಟ್ಟಾಗ ಬಹಳ ಜನ ಅದನ್ನೇ ಮೆಚ್ಚಿದರು. ಮೊದಲೇ 'ವಿನೆಗರ್ ಇದೆ' ಎಂದು ಹೇಳಿ ಕೊಟ್ಟಾಗ ಮೆಚ್ಚುಗೆ ಇಳಿಯಿತು. ಕುಡಿದ ಮೇಲೆ ಹೇಳಿದಾಗ ಮಾತ್ರ ಅಷ್ಟೇನೂ ಇಳಿಯಲಿಲ್ಲ. ಅಂದರೆ ಜನ ಬೇಜಾರಾಗಿ ಅಭಿಪ್ರಾಯ ಬದಲಿಸಿದ್ದಲ್ಲ. ಮೊದಲೇ ಕೇಳಿದ ಮಾತು ರುಚಿಯನ್ನೇ ಬದಲಿಸಿತ್ತು.

ಅದಕ್ಕೇ ಗುಂಪಿನಲ್ಲಿ ಮೊದಲು ಬಾಯಿ ಬಿಟ್ಟವನದ್ದೇ ರಾಜ್ಯಭಾರ. 'ಕಾಫಿ' ಎಂಬ ಪದ ಮೇಜಿನ ಮೇಲೆ ಬಿದ್ದಮೇಲೆ ಎಲ್ಲರೂ ಕಾಫಿಯನ್ನು ಒಪ್ಪುತ್ತಾರೆ ಅಥವಾ ಕಾಫಿಯನ್ನು ಎದುರಿಸುತ್ತಾರೆ. ಕಾಫಿಯ ಆಚೆಗೆ ಹೋಗುವವರು ಕಡಿಮೆ. ನಮ್ಮಲ್ಲಿ ಹೋದವಳು ಒಬ್ಬಳೇ, ಅವಳನ್ನು ನೋಡಿ ನಕ್ಕೆವು.

ಇದಕ್ಕೆ ಮದ್ದು ಕಷ್ಟದ್ದಲ್ಲ. ಮೊದಲ ಐದು ನಿಮಿಷ ಯಾರೂ ಮಾತಾಡಬಾರದು, ಮುಖ ಸಿಂಡರಿಸಲೂ ಬಾರದು. ತಲಾ ಮೂರು ಪದ ಕಾಗದದ ಮೇಲೆ ಬರೆದು ಆಮೇಲೆ ತೆರೆಯಬೇಕು. 'ಚೆನ್ನಾಗಿದೆ', 'ಚೆನ್ನಾಗಿಲ್ಲ' ಎಂದು ಬರೆಯುವಂತಿಲ್ಲ. ಡೆನ್ಮಾರ್ಕಿನ ಮೋರ್ಟನ್ ಮೀಲ್ಗಾರ್ಡ್ 1970ರ ದಶಕದಲ್ಲಿ ಕಟ್ಟಿದ ಬಿಯರ್ ರುಚಿಯ ಚಕ್ರ ಇವತ್ತಿಗೂ ಬ್ರೂವರಿಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ 14 ಗುಂಪು, 44 ಪದಗಳಿವೆ. 'ಚೆನ್ನಾಗಿದೆ' ಎಂಬುದಕ್ಕೆ ಜಾಗ ಇಲ್ಲ. ಅದು ಕುಡಿದವನ ಸುದ್ದಿ, ಬಿಯರ್‌ನ ಸುದ್ದಿಯಲ್ಲ.

ಬಿಸಿಯ ಹದವೂ ಮುಖ್ಯ. ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿದರೆ ಚಳಿಗೆ ನಾಲಿಗೆ ಜೋಮು ಹಿಡಿಯುತ್ತದೆ, ಘಮ ಏಳುವುದಿಲ್ಲ. ಸ್ಟೌಟ್‌ಗೆ 10ರಿಂದ 13 ಡಿಗ್ರಿ ಒಳ್ಳೆಯದು. ಒಂದು ಸಲಕ್ಕೆ 50–60 ಮಿಲಿಲೀಟರ್ ಸಾಕು. 10% ಎಂದರೆ ವೈನಿನ ಹತ್ತಿರ ಹತ್ತಿರ. ಮೂರನೇ ಬಾಟಲಿಯ ಹೊತ್ತಿಗೆ ಎಲ್ಲರ ನಾಲಿಗೆಯೂ ಎಲ್ಲವನ್ನೂ ಹೊಗಳುತ್ತದೆ. ಆ ಅಭಿಪ್ರಾಯಗಳಿಗೆ ಕಾಗದ ದಂಡ. ನಡುನಡುವೆ ನೀರು ಕುಡಿಯಿರಿ, ಗಾಡಿ ಓಡಿಸುವವರು ಮೂಸುವುದಷ್ಟೇ ಮಾಡಲಿ.

ಸೋಯಾ ಸಾಸ್

ಅವತ್ತು ಅರ್ಧ ಗಂಟೆ ಕಳೆದಿತ್ತು. ಗ್ಲಾಸಿನ ತಳದಲ್ಲಿ ಉಳಿದದ್ದು ಬೆಚ್ಚಗಾಗಿತ್ತು. ಕಾಫಿ ಎಂದವನು ಮತ್ತೊಮ್ಮೆ ಮೂಸಿ ಸುಮ್ಮನಾದ. ನನಗೂ ಬಂತು. ಉಪ್ಪುಪ್ಪಾದ, ಮಾಂಸದ ಸಾರಿನಂಥ ಏನೋ ಒಂದು. ಬಾಟಲಿ ತಿರುಗಿಸಿ ತುಂಬಿದ ದಿನಾಂಕ ನೋಡಿದೆವು. ಮೂರು ವರ್ಷ ದಾಟಿತ್ತು. ತಳದಲ್ಲಿ ಬೂದು ಗಸಿ.

ಆ ಗಸಿ ಸತ್ತ ಯೀಸ್ಟ್. ಕೆಲವು ಬಿಯರ್‌ಗಳನ್ನು ಯೀಸ್ಟ್ ಸಮೇತ ಬಾಟಲಿಗೆ ತುಂಬುತ್ತಾರೆ, ಒಳಗೇ ಮಾಗಲಿ ಎಂದು. ಬೆಚ್ಚಗಿನ ಜಾಗದಲ್ಲಿ ಬಹಳ ಕಾಲ ಇಟ್ಟರೆ ಯೀಸ್ಟ್‌ನ ಕೋಶಗಳು ಒಡೆದು ತಮ್ಮ ಒಳಗಿನದನ್ನೆಲ್ಲ ಬಿಯರ್‌ಗೆ ಬಿಡುತ್ತವೆ. ಅದರಲ್ಲಿ ಗ್ಲುಟಮೇಟ್‌ನಂಥ ಅಮೈನೋ ಆಮ್ಲಗಳಿವೆ, ಉಮಾಮಿ ರುಚಿ ಕೊಡುವಂಥವು. ಅಡುಗೆಗೆ ಬಳಸುವ ಯೀಸ್ಟ್ ಸಾರದ ರುಚಿಯೂ ಸೋಯಾ ಸಾಸಿನ ರುಚಿಯೂ ಬರುವುದು ಇಂಥವುಗಳಿಂದಲೇ. ಮುಚ್ಚಳದ ಸಂದಿಯಿಂದ ನುಸುಳಿದ ಆಮ್ಲಜನಕವೂ ತನ್ನ ಪಾಲು ಸೇರಿಸುತ್ತದೆ. ತಿಳಿ ಬಿಯರ್ ಹಳತಾದರೆ ಒದ್ದೆ ರಟ್ಟಿನ ವಾಸನೆ ಬರುತ್ತದೆ, ಕೂಡಲೇ ಗೊತ್ತಾಗುತ್ತದೆ. ಕಪ್ಪು ಬಿಯರ್‌ನಲ್ಲಿ ಹುರಿದ ಘಮ ಅದನ್ನು ಮುಚ್ಚಿಡುತ್ತದೆ. ಒಣಹಣ್ಣಿನಂಥ, ಶೆರಿ ವೈನಿನಂಥ ಹಳತನವನ್ನು ಕೆಲವರು ಬೇಕೆಂದೇ ಹುಡುಕುತ್ತಾರೆ. ಸೋಯಾ ಸಾಸನ್ನು ಹುಡುಕುವವರು ಕಡಿಮೆ.

ಗೆಳತಿ ಹೇಳಿದ್ದು ಗ್ಲಾಸಿನೊಳಗಿನ ಸುದ್ದಿ. ಆದರೂ ಅವಳಿಗೆ ಪುರಾವೆ ಬೇಕಿತ್ತು. ನನ್ನ ಬಳಿ ಅದೇ ದಿನಾಂಕದ ಇನ್ನೊಂದು ಬಾಟಲಿ ಉಳಿದಿತ್ತು. ಮುಂದಿನ ವಾರ ಹೊಸದೊಂದನ್ನು ತಂದು ಮೂರು ಲೋಟದ ಪರೀಕ್ಷೆ ಇಟ್ಟೆವು. ಪ್ರತಿಯೊಬ್ಬರಿಗೂ ಒಳಗಿನದು ಕಾಣದ ಮೂರು ಲೋಟ. ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಬೇರೆ ಯಾವುದು ಹೇಳಿ. ಬ್ರೂವರಿಗಳಲ್ಲಿ ದಶಕಗಳಿಂದ ನಡೆಯುವ ಪರೀಕ್ಷೆ ಇದು.

ಸುಮ್ನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿ ಬರುತ್ತದೆ. ಹಾಗಾದರೆ ನಾಲ್ಕು ಜನರಲ್ಲಿ ಎಷ್ಟು ಜನ ಸರಿ ಹೇಳಿದರೆ ನಂಬಬೇಕು? ಇಷ್ಟು ಕಡಿಮೆ ಲೆಕ್ಕದಿಂದ ಎಷ್ಟು ಖಾತ್ರಿಯಾಗಿ ಹೇಳಬಹುದು ಎಂಬ ಪ್ರಶ್ನೆಗೆ ಉತ್ತರ ಹುಡುಕಿದವನೂ ಒಬ್ಬ ಸ್ಟೌಟ್ ಕಂಪನಿಯವನೇ. ಗಿನ್ನಿಸ್‌ನಲ್ಲಿ ಕೆಲಸಕ್ಕಿದ್ದ ವಿಲಿಯಂ ಸೀಲಿ ಗಾಸೆಟ್, ಬಾರ್ಲಿಯ ಸಣ್ಣ ಸಣ್ಣ ಮಾದರಿಗಳ ಜೊತೆ ಹೆಣಗಿ, 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಲೇಖನ ಬರೆದ. ಇವತ್ತು ಸಂಖ್ಯಾಶಾಸ್ತ್ರ ಓದುವವರೆಲ್ಲ ಕಲಿಯುವ 'ಸ್ಟೂಡೆಂಟ್ ಟಿ' ಪರೀಕ್ಷೆಯ ಮೂಲ ಅದು. ನಮ್ಮ ಲೆಕ್ಕ ಅದಕ್ಕಿಂತ ಸುಲಭದ್ದು. ನಾಲ್ವರೂ ಊಹೆಯಿಂದಲೇ ಸರಿ ಹೇಳುವುದು 81ರಲ್ಲಿ ಒಂದು ಸಲ. ಮೂವರಾದರೂ ಸರಿ ಹೇಳುವುದು 9ರಲ್ಲಿ ಒಂದು ಸಲ.

ಮೂವರು ಸರಿ ಹೇಳಿದರು. ತಪ್ಪಿದವನು ನಾನು. ನೆಗಡಿ ವಾಸಿಯಾಗಿದ್ದವನಂತೂ ಲೋಟ ಮೂಗಿನ ಹತ್ತಿರ ತರುತ್ತಿದ್ದಂತೆಯೇ ಬೆರಳು ಮಾಡಿ ತೋರಿಸಿದ. ನಾನು ಸೋಲೊಪ್ಪಿಕೊಂಡೆ, ನಕ್ಕಿದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ಅವಳು ಕಾಗದದ ಮೇಲಿನ 'ಒಂಬತ್ತರಲ್ಲಿ ಒಂದು' ಎಂಬಲ್ಲಿ ಬೆರಳಿಟ್ಟು, "ಇದು ಸಾಲದು, ಇನ್ನೊಂದು ಸುತ್ತು ಆಗಬೇಕು" ಎಂದಳು. ಆದರೆ ಹಳೆ ಬಾಟಲಿ ಖಾಲಿಯಾಗಿತ್ತು. ಕೊನೆಯ ಗುಟುಕನ್ನು ಕಾಫಿ ಎಂದಿದ್ದವನು ಆಗಲೇ ಕುಡಿದು ಮುಗಿಸಿದ್ದ. ಅವನಿಗೆ ಅದೇ ಇಷ್ಟವಂತೆ.